ಬೇಸಿಗೊಂದು ಕೇಸು

ಮೊನ್ನೆ ಗೋಕಾಕದಿಂದ ಹುಕ್ಕೇರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತು ನನ್ನ ಗಿಟಾರಿಗೆ ಸೀಟು ಬಿಟ್ಟುಕೊಟ್ಟರು.

ನನಗಲ್ಲ. ಗಿಟಾರಿಗೆ.

ತಪ್ಪು ಅಜ್ಜಿಯದಲ್ಲ. ಗಿಟಾರನ್ನು ನಾನು ಕೌದಿಯಲ್ಲಿ ಸುತ್ತಿದ್ದೆ. (ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದ ನಮ್ಮ ಕಡೆಯ ಹೊದಿಕೆ. ಬೆಂಗಳೂರಿನಲ್ಲಿ ಈಗ ಅದನ್ನು ಗೋಡೆಗೆ ನೇತುಹಾಕುತ್ತಾರಂತೆ. ನಾವು ಇನ್ನೂ ಹೊದ್ದುಕೊಳ್ಳುತ್ತೇವೆ.) ತಂತಿ ಬಿಗಿಯುವ ಕಿವಿಗಳು ಯಾರಿಗೂ ಚುಚ್ಚದಿರಲಿ ಎಂದು ಅದರ ತಲೆಗೆ ನಮ್ಮ ಯಜಮಾನರ ಮಂಕಿ ಕ್ಯಾಪ್ ತೊಡಿಸಿದ್ದೆ. ಹೆಗಲಿಗೆ ಆನಿಸಿಕೊಂಡು ನಿಂತಿದ್ದೆ. ನೋಡಿದವರಿಗೆ ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿರುವ ತಾಯಿಯಂತೆ ಕಂಡಿರಬೇಕು.

"ಏನಾಗೈತವಾ ಕೂಸಿಗೆ?" ಎಂದರು ಅಜ್ಜಿ.

"ಅಜ್ಜಿ, ಇದು ಕೂಸಲ್ರಿ..." ಎಂದು ಶುರು ಮಾಡಿದೆ. ಬಸ್ಸಿನ ಸದ್ದಿನಲ್ಲಿ ಅವರಿಗೆ ಎಷ್ಟು ಕೇಳಿಸಿತೋ. ಜ್ವರ ನೋಡಲು ಕ್ಯಾಪಿನೊಳಗೆ ಕೈ ತೂರಿಸಿಯೇಬಿಟ್ಟರು. ಅಲ್ಲಿದ್ದದ್ದು ನಾಲ್ಕು ಸ್ಟೀಲ್ ಕಿವಿಗಳು. ಬೆಳಗಿನ ಚಳಿಗೆ ಕೊರೆಯುತ್ತಿದ್ದವು.

"ಅಯ್ಯ ನಮ್ಮವ್ವ! ಮೈ ತಣ್ಣಗಾಗೈತಿ! ಬಸ್ ನಿಂದರಸ್ರಿ!"

ಡ್ರೈವರ್ ಬ್ರೇಕ್ ಹಾಕಿದರು. ನಾನು ಮುಂದಿನ ಸೀಟಿನ ಕಂಬಿಗೆ ಹೋಗಿ ಬಡಿದೆ. ನನಗಿಂತ ಅರ್ಧ ಸೆಕೆಂಡ್ ಮೊದಲು ಗಿಟಾರ್ ಬಡಿಯಿತು. ಕೌದಿಯೊಳಗಿಂದ 'ಟಕ್' ಎಂದು ಸಣ್ಣ ಸದ್ದು ಬಂತು.

ಕಂಡಕ್ಟರ್ ಓಡಿ ಬಂದರು. "ಪೇಶಂಟ್ ಹ್ಯಾಂಗ ಐತ್ರಿ?"

ನಾನು ಕ್ಯಾಪ್ ತೆಗೆದೆ. ಇಡೀ ಬಸ್ಸು ಗಿಟಾರಿನ ತಲೆಯನ್ನು ನೋಡಿತು. ಅಜ್ಜಿ ತಮ್ಮ ಸೀಟನ್ನು ವಾಪಸ್ ತೆಗೆದುಕೊಂಡರು. ಕಂಡಕ್ಟರ್ ಮಾತ್ರ ಸಮಾಧಾನದಿಂದ ಹೇಳಿದರು: "ಅಕ್ಕೋರ, ಇದಕ್ಕೊಂದ ಡಬ್ಬಿ ಮಾಡಸ್ರಿ."

ಈ ವಾರದ ಅಂಕಣ ಆ ಡಬ್ಬಿಯ ಬಗ್ಗೆ.

ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ. ನಾನು ಗೋಕಾಕದ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಡಂ. ಎರಡು ವರ್ಷದ ಹಿಂದೆ ಕಾಲೇಜಿನ ಮೆಟ್ಟಿಲ ಮೇಲೆ ಜಾರಿ ಬಿದ್ದೆ. (ಘರ್ಷಣೆಯ ಪಾಠ ಮುಗಿಸಿ ಬರುತ್ತಿದ್ದೆ. ಮಕ್ಕಳು ಇನ್ನೂ ನೆನಪಿಸುತ್ತಾರೆ.) ಎಡಗೈ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಬಗ್ಗಲಿಲ್ಲ. ಡಾಕ್ಟರ್ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿ ಎಂದರು. ಹಿಸುಕಿದೆ. ತಿಂಗಳುಗಟ್ಟಲೆ ಹಿಸುಕಿದೆ. ಚೆಂಡು ಮೆತ್ತಗಾಯಿತು.

ಆಗ ನಮ್ಮ ವಚನ ಗಾಯನ ಮಂಡಳಿಯ ಹಾರ್ಮೋನಿಯಂ ಬಾರಿಸುವವರು ಒಂದು ಮಾತು ಹೇಳಿದರು. "ಬೆರಳಿಗೆ ಕೆಲಸ ಕೊಡ್ರಿ, ವ್ಯಾಯಾಮ ಕೊಡಬ್ಯಾಡ್ರಿ." ಮಂಡಳಿಯಲ್ಲಿ ಹಾಡುವವರು ಬೇಕಾದಷ್ಟಿದ್ದರು, ತಬಲಾ ಇತ್ತು. ಕೆಳಗಿನ ದನಿ ಇರಲಿಲ್ಲ. ಬೇಸ್ ಗಿಟಾರ್ ಎಂದರೆ ಅದೇ: ದಪ್ಪ ತಂತಿ, ಆಳದ ದನಿ. ಹಾಡಿಗೆ ನೆಲ ಹಾಕುವ ಕೆಲಸ. ನೆಲ ಇದ್ದಾಗ ಯಾರೂ ಅದನ್ನು ನೋಡುವುದಿಲ್ಲ. ಇಲ್ಲದಾಗ ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ಸ್ವಭಾವಕ್ಕೆ ಒಪ್ಪಿತು.

ಬೆಳಗಾವಿಯ ಅಂಗಡಿಯಲ್ಲಿ ಒಂದನ್ನು ಹಿಡಿದು ನೋಡಿದೆ. ಏಣಿ ಹಿಡಿದಂತಾಯಿತು. ನಾನು ಗಿಡ್ಡ, ಕೈ ಇನ್ನೂ ಗಿಡ್ಡ. ಕಿರುಬೆರಳು ಎಲ್ಲಿಗೂ ತಲುಪಲಿಲ್ಲ. ಅಂಗಡಿಯವರು "ಮೇಡಂ, ಆ ಸಣ್ಣ ಉಕುಲೇಲೆ ತಗೋರಿ" ಎಂದರು. ಮನೆಗೆ ಬಂದೆ.

ಹೀಗೆ ನಾನು ಹುಕ್ಕೇರಿಯ ಈರಪ್ಪನವರ ಬಾಗಿಲಿಗೆ ಹೋದೆ. ಈರಪ್ಪ ಬಡಿಗೇರು. ವಯಸ್ಸು ಎಪ್ಪತ್ತರ ಹತ್ತಿರ. ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡಿಕೊಂಡು ಬಂದವರು. ಪ್ರಾಯದಲ್ಲಿ ಕೆಲವು ವರ್ಷ ಮಿರಜಿನಲ್ಲಿ ತಂಬೂರಿ ಮಾಡುವವರ ಕೈಕೆಳಗೆ ಕೆಲಸ ಮಾಡಿದ್ದರು. ಬೇಸ್ ಗಿಟಾರನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಎರಡು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ತಂಬೂರಿ ಸೊರಗಿದಂಗ ಐತಲ್ರಿ. ಏನ ಜಡ್ಡ ಬಂದಿತ್ತು?" ಎಂದರು.

ನನ್ನ ಕೈ ಅಳತೆ ತೆಗೆದರು. ಕಿರುಬೆರಳಿನದು ಬೇರೆಯಾಗಿ ತೆಗೆದರು. ಗಿಟಾರಿನ ಕುತ್ತಿಗೆ ಗಿಡ್ಡ ಮಾಡಿದರು. ಹೊಟ್ಟೆಯನ್ನು ಪೊಳ್ಳಾಗಿಸಿ ಹಿಂದೆ ದುಂಡಗೆ ಉಬ್ಬಿಸಿದರು. ಕೆಳಗಿನ ಅಂಚನ್ನು ಸಪಾಟು ಮಾಡಿದರು. "ಇದನ್ನ ನಿಂತು ನುಡಿಸುತ್ತಾರೆ" ಎಂದು ಹೇಳಿ ನೋಡಿದೆ. "ನಿಂತ ಊದಾಕ ಇದೇನ ಕಹಳಿ ಏನ್ರಿ? ಕುಂತ ನುಡಸ್ರಿ" ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ತಂತಿಯ ಕಂಪನವನ್ನು ಕರೆಂಟಾಗಿಸುವ ಕಾಯಿಲ್ ಸುತ್ತಿಕೊಟ್ಟವರು ನಮ್ಮ ಯಜಮಾನರು ಶಿವಾನಂದ. ಅವರದು ಗೋಕಾಕದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಹಾಗಾಗಿ ಕೆಲವು ಸ್ವರಗಳಲ್ಲಿ ಹೊಲಕ್ಕೆ ನೀರು ಬಿಟ್ಟಂತೆ ಕೇಳಿಸುತ್ತದೆ.

ಒಟ್ಟಿನಲ್ಲಿ ಅದು ಮುಂದಿನಿಂದ ಗಿಟಾರು, ಹಿಂದಿನಿಂದ ತಂಬೂರಿ, ಬದಿಯಿಂದ ನೋಡಿದರೆ ಏಳು ತಿಂಗಳ ಬಸುರಿ. ಜಗತ್ತಿನಲ್ಲಿ ಇಂಥದ್ದು ಇನ್ನೊಂದಿಲ್ಲ. ಚೆಂಡಿಗೆ ಬಗ್ಗದ ಕಿರುಬೆರಳು ಅದರ ಮೇಲೆ ಮೂರನೇ ತಿಂಗಳಿಗೆ ಬಗ್ಗಿತು. ಆ ದಿನ ನಾನು ಕ್ಲಾಸಿನಲ್ಲಿ ಕಾರಣವಿಲ್ಲದೆ ಕಿರುಬೆರಳು ಎತ್ತಿ ಇಳಿಸಿ ಮಾಡಿದೆ. ಮಕ್ಕಳು ಒಂದಕ್ಕೆ ಹೋಗಲು ಅನುಮತಿ ಸಿಕ್ಕಿತೆಂದು ಎದ್ದು ಹೋದರು.

ಈಗ ಬಸ್ಸಿಗೆ ವಾಪಸ್ ಬರೋಣ. ಆ 'ಟಕ್' ಸದ್ದು.

ಹುಕ್ಕೇರಿಯಲ್ಲಿ ಇಳಿದವಳು ಮಂಡಳಿಯ ಪ್ರಾಕ್ಟೀಸಿಗೆ ಹೋಗದೆ ನೇರ ಈರಪ್ಪನವರ ಹತ್ತಿರ ಹೋದೆ. ಕೌದಿ ಬಿಚ್ಚಿದೆ. ಹೊಟ್ಟೆಯ ಕೂಡುಗೆರೆಯಲ್ಲಿ ಗೇಣುದ್ದ ಬಿರುಕು ಬಿಟ್ಟಿತ್ತು. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಬಿರುಕಿನ ಮೇಲೆ ಆಡಿಸಿದರು. ಆಗ ನೋಡಿದೆ: ಅವರ ಕೈ ನಡುಗುತ್ತಿತ್ತು.

"ಈರಪ್ಪ ಕಾಕಾ, ಕೈಗೆ ಏನಾಗೈತ್ರಿ?"

"ಆರ ತಿಂಗಳಾತು. ಡಾಕ್ಟರ್ ಗುಳಗಿ ಕೊಟ್ಟಾರ. ಚಾದ ಬಸಿ ಹಿಡಿಯಾಕ ಬರವಲ್ದು. ಉಳಿ ಹಿಡದ್ರ ಗೆರಿ ಸೊಟ್ಟ ಹೋಗತೈತಿ." ಸುಮ್ಮನೆ ಸಂಗತಿ ಹೇಳಿದ ಹಾಗೆ ಹೇಳಿದರು. "ಬಿರಕಿಗೆ ಅಂಟ ಹಚ್ಚಿ ಬಿಗದ ಕೊಡ್ತೇನಿ. ಅಷ್ಟ ಆಗತೈತಿ. ಇನ್ನೊಂದ ಮಾಡಂದ್ರ ಆಗೂದಿಲ್ರಿ. ಇದ ಕಡೀದು."

ಎರಡು ಬೆರಳು ಬಗ್ಗದಿದ್ದಾಗ ಇಡೀ ಊರಿಗೆ ಹೇಳಿಕೊಂಡು ತಿರುಗಿದವಳು ನಾನು. ಆ ಬೆರಳು ಬಗ್ಗಿಸಿಕೊಟ್ಟವರು ಆರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ.

"ಅಕ್ಕೋರ, ಇದಕ ಒಂದ ಮನಿ ಮಾಡ್ರಿ," ಎಂದರು. "ಮನಿ ತಂದ ಮ್ಯಾಲ ಇದನ್ನ ಒಯ್ರಿ. ಅಲ್ಲೀತನಕಾ ಇಲ್ಲೇ ಇರಲಿ."

"ನೀವ ಒಂದ ಪೆಟ್ಟಿಗಿ ಹೇಳಿ ಮಾಡಸ್ರಿ ಹಂಗಾರ."

"ಕಟಗೀದು ಮಾಡಿಸಿದ್ರ ನಾಕ ಮಂದಿ ಹೆಗಲ ಕೊಡಬೇಕಾಗತೈತಿ. ಮಂಗಳವಾದ್ಯ ಹಂಗ ಒಯ್ಯೂದು ಛಲೋ ಕಾಣೂದಿಲ್ಲ."

ಕಾಯಿದೆಯ ಪ್ರಕಾರ ಗಿಟಾರ್ ನನ್ನದು. ಆದರೆ ಕಾಯಿದೆಯನ್ನು ಆ ಮುಖಕ್ಕೆ ಹೇಳುವ ಧೈರ್ಯ ನಿಮಗಿದ್ದರೆ ಹೇಳಿ, ನನಗಿರಲಿಲ್ಲ. ಎರಡು ವಾರದ ನಂತರದ ಭಾನುವಾರ ದಡ್ಡಿ ಗ್ರಾಮದಲ್ಲಿ ನಮ್ಮ ಮಂಡಳಿಯ ಕಾರ್ಯಕ್ರಮವಿತ್ತು. ಮೊಟ್ಟಮೊದಲ ಬಾರಿಗೆ ನಾನು ಜನರ ಮುಂದೆ ಕೂತು ನುಡಿಸುವುದಿತ್ತು. ಖಾಲಿ ಕೌದಿ ಮಡಚಿಕೊಂಡು ಗೋಕಾಕಕ್ಕೆ ವಾಪಸ್ ಬಂದೆ.

ಗೋಕಾಕದಲ್ಲಿ ಒಂದು ತೊಂದರೆ ಇದೆ. "ನನಗೊಂದು ಕೇಸ್ ಬೇಕು" ಎಂದರೆ ಜನ ವಕೀಲರ ನಂಬರ್ ಕೊಡುತ್ತಾರೆ. ನನಗೆ ಇಬ್ಬರದು ಸಿಕ್ಕಿತು. ಒಬ್ಬರು ಸಿವಿಲ್, ಒಬ್ಬರು ಕ್ರಿಮಿನಲ್.

ಮಾರ್ಕೆಟ್ಟಿನ ವಾದ್ಯಗಳ ಅಂಗಡಿಯವರು ಗಿಟಾರ್ ಚೀಲ ಇದೆ ಎಂದರು. ತೋರಿಸಿದರು. ನನ್ನ ಗಿಟಾರಿನ ಹೊಟ್ಟೆ ಎಷ್ಟು ದಪ್ಪ ಎಂದು ಕೈಯಲ್ಲಿ ತೋರಿಸಿದೆ. ಅವರು ಯೋಚಿಸಿ "ಗಿಟಾರಿನ ಹೊಟ್ಟಿ ತುಸು ತಾಸಿಸಿ ಸಣ್ಣ ಮಾಡಸ್ರಿ" ಎಂದರು. (ಕಾಲಿಗೆ ತಕ್ಕ ಚಪ್ಪಲಿ ಸಿಗದಿದ್ದರೆ ಇವರು ಏನು ಸಲಹೆ ಕೊಡಬಹುದು?)

ಆನ್‌ಲೈನಿನಲ್ಲಿ ಒಂದು ಆರ್ಡರ್ ಮಾಡಿದೆ. ಉದ್ದ ಸರಿಯಿತ್ತು, ಅಗಲ ಸರಿಯಿತ್ತು, ದಪ್ಪದ ಬಗ್ಗೆ ಏನೂ ಬರೆದಿರಲಿಲ್ಲ. ಬಂತು. ಗಿಟಾರಿನ ಬದಲು ಅದರಲ್ಲಿ ಇಸ್ತ್ರಿ ಮಾಡುವ ಟೇಬಲ್ ಆರಾಮಾಗಿ ಹಿಡಿಸಿತು. ಕಸ್ಟಮರ್ ಕೇರಿಗೆ ಫೋನ್ ಮಾಡಿದೆ.

"ಮ್ಯಾಮ್, ನಿಮ್ಮ ಗಿಟಾರಿನ ಬ್ರ್ಯಾಂಡ್ ಹೇಳ್ತೀರಾ?"

"ಈರಪ್ಪ."

"ಮಾಡೆಲ್ ನಂಬರ್ ಮ್ಯಾಮ್?"

"ಒಂದೇ ಇರೋದು."

ಅವರು ಹೋಲ್ಡ್‌ನಲ್ಲಿಟ್ಟರು. ಹಾಡು ಹಾಕಿದರು. ಅದರಲ್ಲೂ ಬೇಸ್ ಸರಿಯಾಗಿ ಕೇಳುತ್ತಿರಲಿಲ್ಲ.

ಆ ವಾರ ಒಂದು ಸಂಗತಿ ಗಮನಿಸಿದೆ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕವರ್ ಇದೆ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಇದೆ. ಫ್ರಿಜ್ಜಿನ ಹಿಡಿಕೆಗೆ ಹೆಣೆದ ಅಂಗಿ ಇದೆ. ವಾಷಿಂಗ್ ಮಷೀನಿಗೆ ಹೂವಿನ ನೈಟಿ ಇದೆ. ಶಿವಾನಂದರ ಸ್ಕೂಟರಿನ ಸೀಟಿಗೆ ಕವರ್ ಇದೆ, ಆ ಕವರ್ ಹಾಳಾಗದಿರಲಿ ಎಂದು ಅದರ ಮೇಲೊಂದು ಟವೆಲ್ ಇದೆ. ಇವೆಲ್ಲ ನಾಳೆ ಕೆಟ್ಟರೆ ನಾಡಿದ್ದು ಇನ್ನೊಂದು ಬರುತ್ತದೆ. ಹಾಗಾದರೆ ಸಿಗದೇ ಇರುವ ವಸ್ತುವಿಗೆ ಮಾತ್ರ ಹಳೇ ಕೌದಿ ಯಾಕೆ? ಅಂಗಡಿಯಲ್ಲಿ ತಂದದ್ದಕ್ಕೆ ಇರುವ ಮರ್ಯಾದೆ ಊರಿನಲ್ಲಿ ಮಾಡಿದ್ದಕ್ಕೆ ಇಲ್ಲವೇ? ಬೇರೆ ಯಾರನ್ನೋ ಬೈಯುವ ಹಾಗಿರಲಿಲ್ಲ. ಕೌದಿ ಸುತ್ತಿದವಳು ನಾನೇ.

"ಮೂಡಲಗಿಗೆ ಹೋಗು," ಎಂದರು ಶಿವಾನಂದ. "ಹುಸೇನಸಾಬ ಅಂತ ಅದಾರ. ಟ್ರ್ಯಾಕ್ಟರ್ ಸೀಟು, ಟಾಪು ಹೊಲಿತಾರ. ಮಳಿ, ಬಿಸಲು, ಕಬ್ಬು ಎಲ್ಲಾ ತಡಕೊಂಡ ಇರತಾವ. ಆದ್ರ ಅವರಿಗೆ ಕಿವಿ ಕೇಳೂದಿಲ್ಲ."

ಸಂಗೀತದ ಕೆಲಸಕ್ಕೆ ಕಿವಿ ಕೇಳದವರು. ಈ ಹೊತ್ತಿಗೆ ನನಗೆ ಯಾವುದೂ ವಿಚಿತ್ರವೆನಿಸುತ್ತಿರಲಿಲ್ಲ.

ಹುಸೇನಸಾಬರ ಅಂಗಡಿ ಮೂಡಲಗಿಯ ಬಸ್‌ಸ್ಟ್ಯಾಂಡಿನಿಂದ ನಡೆಯುವಷ್ಟು ದೂರ. ಅರವತ್ತರ ಮನುಷ್ಯ, ಕೊರಳಲ್ಲಿ ಟೇಪು. ಒಂಬತ್ತು ವರ್ಷದ ಹಿಂದೆ ಜೋರು ಜ್ವರ ಬಂದು ಎರಡೂ ಕಿವಿ ಹೋದವಂತೆ. ಮಾತು ಚೆನ್ನಾಗಿ ಆಡುತ್ತಾರೆ. ಆದರೆ ತಮ್ಮ ದನಿ ತಮಗೆ ಕೇಳದ ಕಾರಣ ಇಡೀ ಓಣಿಗೆ ಕೇಳುವಂತೆ ಆಡುತ್ತಾರೆ. ಗಿರಾಕಿಗಳು ಹೇಳಬೇಕಾದದ್ದನ್ನು ಟೇಬಲ್ ಮೇಲಿನ ಕರಿ ರೆಕ್ಸಿನ್ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು. ನನಗೆ ರೂಢಿಯ ಕೆಲಸ.

ಬರೆದೆ: 'ಗಿಟಾರಿಗೆ ಚೀಲ ಬೇಕು.'

"ಸಾಮಾನ ಎಲ್ಲೈತಿ?" ಎಂದರು. ಎದುರಿನ ಚಾದಂಗಡಿಯವರು ತಿರುಗಿ ನೋಡಿದರು.

'ಹುಕ್ಕೇರಿಯಲ್ಲಿದೆ.'

"ಅಲ್ಲಿ ಯಾಕೈತಿ?"

'ಚೀಲ ತರುವ ತನಕ ಮಾಡಿದವರು ಕೊಡುವುದಿಲ್ಲ.'

ಅವರು ಅದನ್ನು ಎರಡು ಸಲ ಓದಿದರು. ತೋಳಿನಿಂದ ಒರೆಸಿದರು. "ಸಾಮಾನ ನೋಡದ ನಾ ಹೊಲಿಯೂದಿಲ್ಲ."

ಚೀಲ ಇಲ್ಲದೆ ಗಿಟಾರ್ ಬರುವುದಿಲ್ಲ. ಗಿಟಾರ್ ಇಲ್ಲದೆ ಚೀಲ ಆಗುವುದಿಲ್ಲ. ಇಂಥ ಸ್ಥಿತಿಗೆ ಫಿಸಿಕ್ಸ್‌ನಲ್ಲಿ ಹೆಸರಿದೆಯೋ ಗೊತ್ತಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ 'ನಾಳೆ ಬನ್ನಿ' ಎನ್ನುತ್ತಾರೆ.

ನಾನು ಹುಕ್ಕೇರಿಗೆ ಹೋದೆ. ಗಿಟಾರ್ ಮೈತುಂಬ ಹಗ್ಗ ಬಿಗಿಸಿಕೊಂಡು ಮಲಗಿತ್ತು. ಬಿರುಕಿನ ಅಂಟು ಒಣಗುತ್ತಿತ್ತು. ಈರಪ್ಪನವರ ಕಾವಲಿನಲ್ಲಿ ಪೇಪರ್ ಹಾಸಿ ಅದರ ಸುತ್ತ ಗೆರೆ ಎಳೆದುಕೊಂಡೆ. ಟೇಪು ಹಿಡಿದು ದಪ್ಪದ ಅಳತೆಗಳನ್ನೂ ಬರೆದುಕೊಂಡೆ. ಗೆರೆಗುಂಟ ಕತ್ತರಿಸಿ ಮೂಡಲಗಿಗೆ ಒಯ್ದೆ. ಹುಸೇನಸಾಬರು ಪೇಪರನ್ನು ಬಿಡಿಸಿದರು. ಹೊಟ್ಟೆಯ ಜಾಗದಲ್ಲಿ ಈ ಅಂಕಣವೇ ಇತ್ತು, ಮೇಲೆ ನನ್ನ ಫೋಟೋ.

"ಇದು ನೀವ ಏನ್ರಿ?"

ತಲೆಯಾಡಿಸಿದೆ. ಸ್ವಲ್ಪ ಹೆಮ್ಮೆಯೂ ಆಯಿತು.

ಅವರು ಅದನ್ನು ಓದಲಿಲ್ಲ. ನೀಟಾಗಿ ಮಡಚಿ ಕೈಗೆ ಕೊಟ್ಟರು. "ಇದು ನೆರಳ. ನೆರಳಿಗೆ ಅಂಗಿ ಹೊಲಿಯಾಕ ಬರೂದಿಲ್ರಿ. ಬೆನ್ನ ಎಲ್ಲಿ ಬಾಗೈತಿ? ಎಲ್ಲಿ ಮೆತ್ತಗೈತಿ? ಎಲ್ಲಿ ಬಿಗೀಬೇಕು, ಎಲ್ಲಿ ಬಿಡಬೇಕು? ಅದು ನನ್ನ ಕೈಗೆ ಗೊತ್ತಾಗಬೇಕು, ಟೇಪಿಗಲ್ಲ."

ಕಾರ್ಯಕ್ರಮಕ್ಕೆ ಆರು ದಿನ ಉಳಿದಿತ್ತು. ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ಮನೆಗೆ ಬಂದ ಮೇಲೆ ಗೊತ್ತಾಯಿತು. ಸ್ಟೀಲ್ ಲೋಟ ಎತ್ತಲು ಹೋದೆ, ಕಿರುಬೆರಳು ಸರಿಯಾಗಿ ಮಡಚಲಿಲ್ಲ. ಎಂಟು ದಿನ ನುಡಿಸದೇ ಇದ್ದದ್ದಕ್ಕೇ ಅದು ಮತ್ತೆ ಬಿಗಿಯತೊಡಗಿತ್ತು. ಹಳೆಯ ಚೆಂಡು ಹುಡುಕಿ ತೆಗೆದು ಹಿಸುಕುತ್ತಾ ಕೂತೆ. ಅಳು ಬಂತು. ಈ ಅಂಕಣದಲ್ಲಿ ನಾನು ಅತ್ತದ್ದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಇದನ್ನು ಅಪವಾದ ಎಂದುಕೊಳ್ಳಿ.

ಶಿವಾನಂದ ಪಕ್ಕದಲ್ಲಿ ಕೂತರು. ಚೆಂಡನ್ನು ಕೈಯಿಂದ ತೆಗೆದುಕೊಂಡರು. "ಗಿಟಾರ್ ಒಂದ ಬರಂಗಿಲ್ಲ. ಟೇಲರ್ ಮಶೀನ ಬಿಟ್ಟ ಬರಂಗಿಲ್ಲ. ಹಂಗಾರ ಬಡಿಗೇರನ್ನೂ ಗಿಟಾರನ್ನೂ ಕೂಡೇ ಕರಕೊಂಡ ಹೋಗೂಣು. ಇಷ್ಟ ಅಲ್ಲ?"

ಇಷ್ಟೇ. ಮೋಟಾರ್ ರಿಪೇರಿ ಮಾಡುವವರು ಕಣ್ಣೀರಿನಲ್ಲೂ ಎಲ್ಲಿ ಕನೆಕ್ಷನ್ ತಪ್ಪಿದೆ ಎಂದೇ ನೋಡುತ್ತಾರೆ.

ಮರುದಿನ ಬೆಳಗ್ಗೆ ಗೆಳೆಯರೊಬ್ಬರ ಕಾರು ತೆಗೆದುಕೊಂಡು ಹುಕ್ಕೇರಿಗೆ ಹೋದೆವು. ಈರಪ್ಪನವರಿಗೆ ವಿಷಯ ಹೇಳಿದೆ. ಅವರು ಒಳಗೆ ಹೋದರು. ಬರುವುದಿಲ್ಲವೇನೋ ಎಂದುಕೊಂಡೆ. ಹೊರಗೆ ಬಂದಾಗ ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ. ಹೆಣ್ಣು ಕೊಡುವ ಮನೆ ನೋಡಲು ಹೊರಟವರ ಹಾಗೆ.

"ನಡೀರಿ. ಯಾವ ಮನಿ, ಯಾವ ಮಂದಿ, ನೋಡೂಣು."

ಹಿಂದಿನ ಸೀಟಿನಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಅದನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿಯುತ್ತಿದ್ದರು. ಹೊಡೆತ ಅವರಿಗೆ, ಗಿಟಾರಿಗಲ್ಲ. ಶಿವಾನಂದ ಸೈಕಲ್ಲಿನ ವೇಗದಲ್ಲಿ ಓಡಿಸಿದರು. ಒಂದು ಕಬ್ಬಿನ ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹೋಯಿತು. ಕಾರಿನೊಳಗೆ ಸಣ್ಣಗೆ ಗುಂಯ್ ಎನ್ನುವ ದನಿ ಹುಕ್ಕೇರಿಯಿಂದಲೇ ಇತ್ತು. ಎಂಜಿನ್ ಎಂದುಕೊಂಡಿದ್ದೆ. ಗೋಕಾಕದ ಹತ್ತಿರ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದಾಗಲೂ ದನಿ ನಿಲ್ಲಲಿಲ್ಲ. ತಿರುಗಿ ನೋಡಿದೆ. ಈರಪ್ಪನವರ ಬೆರಳು ತಂತಿಗಳ ಮೇಲಿದ್ದವು. ಕೈಯ ನಡುಕಕ್ಕೆ ತಂತಿಗಳು ತಾವಾಗಿಯೇ ನುಡಿಯುತ್ತಿದ್ದವು. ಶಿವಾನಂದರಿಗೂ ಗೊತ್ತಾಯಿತು. ಮತ್ತೆ ಎಂಜಿನ್ ಶುರು ಮಾಡಿದರು.

ಮೂಡಲಗಿಯಲ್ಲಿ ಹುಸೇನಸಾಬರು ಟೇಬಲ್ ಖಾಲಿ ಮಾಡಿದರು. ಒದ್ದೆ ಬಟ್ಟೆಯಿಂದ ಒರೆಸಿದರು, ಒಣ ಬಟ್ಟೆಯಿಂದ ಒರೆಸಿದರು, ಎರಡೂ ಕೈ ಚಾಚಿದರು. ಈರಪ್ಪ ಕೊಡಲಿಲ್ಲ.

"ಅಕ್ಕೋರ, ಇವರಿಗೆ ಬರೀರಿ. ಹೊಟ್ಟಿಗೆ ಸೂಜಿ ತಾಗಬಾರದು."

ಬರೆದೆ.

"ಸೂಜಿ ಬಟ್ಟಿಗೆ ಹಾಕ್ತೇನಿ, ಹೊಟ್ಟಿಗಲ್ಲ!" ಎಂದರು ಹುಸೇನಸಾಬರು. ಚಾದಂಗಡಿಯಲ್ಲಿ ನಾಲ್ಕು ಜನ ಸೇರಿದರು.

"ಒಳಗ ಅರಳಿ ಹಾಕಾಕ ಹೇಳ್ರಿ."

'ಒಳಗೆ ಹತ್ತಿ ಬೇಕಂತೆ.'

"ಅರಳಿ ಗಂಟ ಬೀಳತೈತಿ. ಫೋಮ್ ಹಾಕಬೇಕು."

"ಫೋಮು ಬೆವರತೈತಿ, ಕಟಗಿಗೆ ಆಗೂದಿಲ್ಲ ಅಂತ ಬರೀರಿ."

ಅರ್ಧ ಗಂಟೆ ನಾನು ಸ್ಟೆನೋ ಆಗಿದ್ದೆ. ಕೊನೆಗೆ ಹೊರಗೆ ಫೋಮು, ಒಳಗೆ ಹತ್ತಿ ಎಂದು ಒಪ್ಪಂದವಾಯಿತು. ಈರಪ್ಪ ಗಿಟಾರನ್ನು ಟೇಬಲ್ ಮೇಲೆ ಇಟ್ಟರು. ಹುಸೇನಸಾಬರು ಅಂಗೈಯನ್ನು ಅದರ ಹೊಟ್ಟೆಯ ಮೇಲೆ ಊರಿದರು. ಜ್ವರ ನೋಡುವ ಹಾಗೆ.

"ಇದು ಏನ ಮಾಡತೈತ್ರಿ?" ಎಂದು ನನ್ನನ್ನು ಕೇಳಿದರು.

ಏನಂತ ಬರೆಯಲಿ? ಸೀಮೆಸುಣ್ಣ ಕೆಳಗಿಟ್ಟು ಅತಿ ದಪ್ಪದ ತಂತಿಯನ್ನು ಮೀಟಿದೆ.

ಅವರ ಕೈ ಹಾವು ಮುಟ್ಟಿದಂತೆ ಮೇಲೆದ್ದಿತು. ನಂತರ ನಿಧಾನಕ್ಕೆ ಅಲ್ಲಿಗೇ ವಾಪಸ್ ಬಂತು.

"ಮತ್ತೊಮ್ಮೆ."

ಮೀಟಿದೆ. ಮಂಡಳಿಯಲ್ಲಿ ನುಡಿಸುವ ಒಂದು ಸಾಲನ್ನು ಪೂರ್ತಿ ನುಡಿಸಿದೆ. ಕಿರುಬೆರಳು ನೋಯುತ್ತಿತ್ತು, ಆದರೂ ಬಗ್ಗಿತು. ಹುಸೇನಸಾಬರು ಈಗ ಎರಡೂ ಮೊಣಕೈಯನ್ನು ಟೇಬಲ್ಲಿಗೆ ಒತ್ತಿ, ಗದ್ದವನ್ನು ಗಿಟಾರಿನ ಅಂಚಿಗೆ ತಾಗಿಸಿ ನಿಂತಿದ್ದರು. ಕಣ್ಣು ಮುಚ್ಚಿದ್ದವು.

"ಏರತೈತಿ," ಎಂದರು. ಸ್ವಲ್ಪ ಬಿಟ್ಟು, "ಈಗ ಇಳೀತು." ಮೊದಲ ಬಾರಿಗೆ ಅವರ ದನಿ ಸಣ್ಣದಾಗಿತ್ತು. "ಮಶೀನ ಗೊತ್ತಾಗತೈತಿ, ಬಸ್ ಗೊತ್ತಾಗತೈತಿ. ಅವು ಒಂದ ಸಮ ಗುದ್ದತಾವ. ಏರಿ ಇಳಿಯೂದು ಗೊತ್ತಾಗಿ ಒಂಬತ್ತ ವರ್ಷ ಆಗಿತ್ರಿ."

ಈರಪ್ಪ ನನ್ನ ತೋಳು ಜಗ್ಗಿದರು. "ಅಕ್ಕೋರ, ಬೆನ್ನ ಕಡೆ ಕೈ ಇಡಾಕ ಬರೀರಿ. ಅಲ್ಲಿ ನಾ ಕಟಗಿ ತೆಳ್ಳಗ ತಗದೇನಿ. ನಡುವ ತೆಳ್ಳಗ, ಅಂಚಿಗೆ ದಪ್ಪ."

ನಾನು ಬರೆಯುವ ಮೊದಲೇ ಹುಸೇನಸಾಬರ ಕೈ ಬೆನ್ನಿಗೆ ಹೋಗಿತ್ತು. ಮೀಟಿದೆ. ಅವರು ಅಂಗೈಯನ್ನು ಸರಿಸುತ್ತಾ ಹೋದರು, ಒಂದು ಕಡೆ ನಿಲ್ಲಿಸಿದರು, ಈರಪ್ಪನವರತ್ತ ನೋಡಿ ಬೆರಳಿನಿಂದ ಅಲ್ಲಿ ತಟ್ಟಿದರು. 'ಇಲ್ಲಿ?' ಎನ್ನುವ ಹಾಗೆ.

ಈರಪ್ಪ ತಲೆಯಾಡಿಸಿದರು.

ಒಂದು ವರ್ಷದಿಂದ ಆ ಗಿಟಾರನ್ನು ನುಡಿಸುತ್ತಿದ್ದೇನೆ. ಕಂಪನದ ಪಾಠವನ್ನು ವರ್ಷಕ್ಕೆ ಎರಡು ಸೆಕ್ಷನ್‌ಗಳಿಗೆ ಮಾಡುತ್ತೇನೆ. ಆ ಬೆನ್ನು ತೆಳ್ಳಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಚೀಲ ಮುಗಿಯಲು ಎರಡು ದಿನ ಬೇಕಾಯಿತು. ಈರಪ್ಪ ಗಿಟಾರ್ ಬಿಟ್ಟು ಕದಲಲಿಲ್ಲ. ಹುಸೇನಸಾಬರ ಮನೆಯಲ್ಲೇ ಉಳಿದರು. ನನಗೆ ಕಾಲೇಜಿತ್ತು, ನಾನು ಗೋಕಾಕಕ್ಕೆ ಬಂದೆ. ಬರೆಯುವವರಿಲ್ಲದೆ ಇಬ್ಬರೂ ಹೇಗೆ ಮಾತಾಡುತ್ತಾರೆ ಎಂಬ ಚಿಂತೆ ನನಗಿತ್ತು. ಮೂರನೇ ದಿನ ಹೋಗಿ ನೋಡಿದರೆ ಟೇಬಲ್ಲಿನ ರೆಕ್ಸಿನ್ ತುಂಬ ಚಿತ್ರಗಳು. ಕುಂಬಳಕಾಯಿ, ದೋಣಿ, ಎತ್ತಿನ ಹೆಗಲು, ಉಬ್ಬು, ತಗ್ಗು. ಒಂದು ಗೆರೆ ನೆಟ್ಟಗೆ, ಪಕ್ಕದಲ್ಲೊಂದು ಗೆರೆ ನಡುಗುತ್ತ. ಯಾರದು ಯಾವುದೆಂದು ಕೇಳಬೇಕಾಗಿರಲಿಲ್ಲ.

ಚೀಲ ಟ್ರ್ಯಾಕ್ಟರ್ ಟಾಪಿನ ಹಸಿರು ಕ್ಯಾನ್ವಾಸಿನದು. ಎರಡು ಜಿಪ್ಪು, ಹೆಗಲಿಗೆ ಅಗಲ ಪಟ್ಟಿ, ಹೊರಗೊಂದು ಕಿಸೆ. ಬಸುರಿ ಹೊಟ್ಟೆಗೆ ಬಸುರಿ ಹೊಟ್ಟೆಯ ಹೊಲಿಗೆ. ಸಪಾಟು ಅಂಚಿನ ಮೇಲೆ ತಾನಾಗಿಯೇ ನಿಲ್ಲುತ್ತದೆ. ಈರಪ್ಪ ಗಿಟಾರನ್ನು ಅದರೊಳಗೆ ಮಲಗಿಸಿದರು. ಜಿಪ್ಪಿನ ತುದಿ ನಡುಗುವ ಬೆರಳಿಗೆ ಸಿಗಲಿಲ್ಲ. ಎರಡು ಸಲ ತಪ್ಪಿತು. ಹುಸೇನಸಾಬರು ಜಿಪ್ಪಿಗೆ ಹೆಬ್ಬೆರಳಿನಷ್ಟು ಅಗಲದ ಚರ್ಮದ ಪಟ್ಟಿ ಕಟ್ಟಿಕೊಟ್ಟರು. ಮೂರನೇ ಸಲ ಈರಪ್ಪನವರೇ ಮುಚ್ಚಿದರು.

ಆಮೇಲೆ ಹುಸೇನಸಾಬರು ಚೀಲವನ್ನು ಗಿಟಾರ್ ಸಮೇತ ಸೊಂಟದ ಮಟ್ಟಕ್ಕೆ ಎತ್ತಿದರು. ಕೈಬಿಟ್ಟರು.

ನಾನು ಕಿರುಚಿದೆ. ಚಾದಂಗಡಿಯವರು ಎದ್ದು ಬಂದರು. ಈರಪ್ಪ ಮಾತ್ರ ಅಲುಗಲಿಲ್ಲ.

"ಯಾಕ ಹೆದರತೀರಿ ಅಕ್ಕೋರ? ನಿನ್ನಿ ಕುಂಬಳಕಾಯಿ ಹಾಕಿ ಕೆಳಗ ಒಗದ ನೋಡೇವಿ."

"ಏನಾತು?"

"ಮೊದಲನೇದು ಒಡೀತು. ಮತ್ತೊಂದ ಪದರ ಹಾಕಿದ್ವಿ. ಎರಡನೇದು ಉಳೀತು." ಜಿಪ್ಪು ಬಿಚ್ಚಿ ಗಿಟಾರಿನ ಮೈಮೇಲೆ ಹೆಬ್ಬೆರಳು ಆಡಿಸಿದರು. ಅಂಟಿದ ಬಿರುಕನ್ನು ಮುಟ್ಟಿ ನೋಡಿದರು. "ಪಾಸ್. ಈಗ ಒಯ್ರಿ."

ಭಾನುವಾರ ಸಂಜೆ ದಡ್ಡಿಗೆ ಇಬ್ಬರನ್ನೂ ಕರೆದುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ. ಹುಸೇನಸಾಬರು ಕು‌ರ್ಚಿಯನ್ನು ಎಳೆದುಕೊಂಡು ಹೋಗಿ ಸ್ಪೀಕರ್ ಡಬ್ಬಿಗೆ ತಾಗಿಸಿಕೊಂಡು ಕೂತರು. ಒಂದು ಅಂಗೈ ಡಬ್ಬಿಯ ಮೇಲೆ. ಪಕ್ಕದಲ್ಲಿ ಈರಪ್ಪ, ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು.

ಎರಡು ಕಡೆ ತಪ್ಪಿದೆ. ಮೂರನೆಯ ಹಾಡಿನಲ್ಲಿ ನನ್ನ ಕಿರುಬೆರಳು ಬೇರೆ ಸ್ವರಕ್ಕೆ ಹೋಯಿತು. ಮಂಡಳಿಯವರಿಗೇ ಗೊತ್ತಾಗಲಿಲ್ಲ. ಹುಸೇನಸಾಬರು ಮಾತ್ರ ಥಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಸರಿಪಡಿಸಿಕೊಂಡೆ. ಅವರು ತಲೆ ತಗ್ಗಿಸಿದರು. ಉಳಿದ ಸಭೆ ಹೇಗಿತ್ತು ಎನ್ನುತ್ತೀರಾ? ಚೆನ್ನಾಗಿತ್ತು. ಕೆಲವರು ವಿಡಿಯೋ ಮಾಡುತ್ತಿದ್ದರು, ಕೆಲವರು ಬಂದ ವಿಡಿಯೋ ನೋಡುತ್ತಿದ್ದರು. ಒಬ್ಬರು ಇಡೀ ಹಾಡಿನುದ್ದಕ್ಕೂ ಫೋನಿನಲ್ಲಿ ಯಾರಿಗೋ ತಾವು ಎಲ್ಲಿದ್ದೇವೆ ಎಂದು ವಿವರಿಸಿದರು.

ಮುಗಿದ ಮೇಲೆ ಹೆಂಗಸರೊಬ್ಬರು ವೇದಿಕೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ಭಾಳ ಛಲೋ ಐತ್ರಿ."

"ಯಾವ ಹಾಡ್ರಿ?"

"ಹಾಡಲ್ರಿ, ಚೀಲ. ಎಲ್ಲಿ ಹೊಲಿಸೀರಿ?"

ಮೂಡಲಗಿಯ ವಿಳಾಸ ಹೇಳಿದೆ.

ಚೀಲ ಹೆಗಲಿಗೇರಿಸಿಕೊಂಡು ಇಳಿಯುವಾಗ ಸಂಘಟಕರು ನನ್ನನ್ನು ಬಾಜೂಕ್ಕೆ ಕರೆದರು. ಒಳ್ಳೆಯ ಮನುಷ್ಯ. ಬೇಸರದಲ್ಲಿದ್ದರು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಕಿವಿ ಕೇಳದವ್ರನ್ನ ತಂದು ಮುಂದ ಕುಂಡ್ರಿಸಿದ್ರಿ. ಕೇಳೂ ಮಂದಿ ಹಿಂದ ಕುಂಡ್ರೂವಂಗ ಆತು."

"ಹೌದ್ರಿ?" ಎಂದೆ. "ಕೇಳೂ ಮಂದಿನೂ ಬಂದಿದ್ರೇನು?"